ಓಟಿನ ದಿನದ ಊಟ

ಅಮೆರಿಕದ ಆ ಊರಿನ ಕನ್ನಡ ಕೂಟದಲ್ಲಿ ರಾಜಕೀಯದ ಮಾತೆದ್ದರೆ ಎಲ್ಲರೂ ಹರ್ಷವರ್ಧನನನ್ನು ಮುತ್ತಿಕೊಳ್ಳುತ್ತಿದ್ದರು. ತನ್ನ ಹೆಂಡತಿ ಪೂರ್ಣಿಮಾ ಕೂಡ ಬಡಿಸುವುದು ಬಿಟ್ಟು ಅವನ ಮಾತಿಗೆ ಕಿವಿಗೊಡುವುದನ್ನು ಕಂಡು ಚಿದಾನಂದನಿಗೆ ಮೈಯೆಲ್ಲ ಉರಿಯುತ್ತಿತ್ತು.

ಮತದಾನ ಮುಗಿದ ಸಂಜೆ, ಕೂಟದ ಊಟದಲ್ಲಿ ಚಿದಾನಂದನೇ ಎದ್ದು ನಿಂತ.

"ವಿಮೆ ಇಲ್ಲದವನು ಇಲ್ಲಿ ಆಸ್ಪತ್ರೆ ಮೆಟ್ಟಿಲು ಹತ್ತೋಕೇ ಹೆದರ್ತಾನೆ. ಇದಕ್ಕೆ ಕಾರಣರಾದ ರಾಜಕಾರಣಿಗಳನ್ನ ಸುಮ್ನೆ ಬಿಡಬಾರದು, ಸೋಲಿಸಿ ಮನೆಗೆ ಕಳಿಸ್ಬೇಕು!"

ಚಪ್ಪಾಳೆಯೋ ಚಪ್ಪಾಳೆ. ಹರ್ಷವರ್ಧನ ನಿಟ್ಟುಸಿರಿಟ್ಟ.

"ನಿಮ್ಮನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ ಸಾರ್. ನೀವು ಇಲ್ಲಿನ ಪ್ರಜೆ, ಓಟು ಹಾಕ್ತೀರಿ. ವೀಸಾದ ಮೇಲಿರೋ ನಮ್ಗೆ ಬರೀ ಬಾಯಿ. ಇವತ್ತು ಯಾರಿಗೆ ಹಾಕಿದ್ರಿ?"

ಪೂರ್ಣಿಮಾ ಸೌಟು ಹಿಡಿದೇ ಅಂದಳು:

"ಇವರೆಲ್ಲಿ ಓಟು ಹಾಕೋಕೆ ಹೋದ್ರು? ಬೆಳಿಗ್ಗೆಯಿಂದ ಕನ್ನಡಿ ಮುಂದೆ ನಿಂತು ಈ ಭಾಷಣಾನೇ ಬಾಯಿಪಾಠ ಮಾಡ್ತಿದ್ರಲ್ಲ!"