ಗದ್ದೆಪ್ಪ ಒಲೆ ಹಚ್ಚಿದ ವಾರ

"ಬದನಿಕಾಯಿ ಎರಡು ದಿನ ಇಟ್ಟರ ಹಾಳಾಗತದ ಯಪ್ಪಾ. ಬ್ಯಾಳಿ ಎಲ್ಲಿಗೂ ಹೋಗಂಗಿಲ್ಲ. ಅದಕ್ಕ ಹಸೀದು ಮೊದಲು, ಒಣದು ಕಡೀಕ," ಎಂದು ಹಿರಿಯ ಮಗಳು ದುರ್ಗಾ ಮಾರ್ಕೆಟ್ಟಿನಿಂದ ತಂದ ಚೀಲವನ್ನು ನೆಲಕ್ಕೆ ಸುರುವಿದಳು. ಗದ್ದೆಪ್ಪ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದ. ದೇವದುರ್ಗದ ಮಾರುಕಟ್ಟೆ ಅಂಗಳದಲ್ಲಿ ಇಪ್ಪತ್ತೈದು ವರ್ಷ ಹತ್ತಿಯ ಅಂಡಿಗೆ, ಜೋಳದ ಮೂಟೆ ಹೊತ್ತ ಮನುಷ್ಯ ಅವನು. ಬೇಳೆ ಎಷ್ಟು ಹೊತ್ತಿಗೆ ಬೇಯುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ದುರ್ಗಾ ರಾಯಚೂರಿಗೆ ಹೊರಡಬೇಕಿತ್ತು. ನರ್ಸಿಂಗ್ ಓದಲು ಸೀಟು ಸಿಕ್ಕಿತ್ತು, ಹಾಸ್ಟೆಲ್ಲೂ ಸಿಕ್ಕಿತ್ತು. ಅವಳು ಹೋದ ಮೇಲೆ ಮನೆಯಲ್ಲಿ ಉಳಿಯುವವರು ಗದ್ದೆಪ್ಪ ಮತ್ತು ಏಳನೆಯ ತರಗತಿಯ ತಂಗಿ ರಾಧಾ, ಇಬ್ಬರೇ. ಈ ವಾರದ ಏಳೂ ರಾತ್ರಿಯ ಅಡುಗೆ ತಾನೇ ಮಾಡುತ್ತೇನೆ, ನೀನು ಪಕ್ಕದಲ್ಲಿ ನಿಂತು ಹೇಳಿಕೊಡು ಎಂದು ಗದ್ದೆಪ್ಪನೇ ಕೇಳಿಕೊಂಡಿದ್ದ. ದುರ್ಗಾ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಪಟ್ಟಿ ಬರೆದಳು: ಮೊದಲು ಬದನೆಕಾಯಿ, ಮರುದಿನ ಪುಂಡಿಪಲ್ಯ, ಮಂಗಳವಾರ ತೊಗರಿಬೇಳೆ. ಮಡಿಕೆಕಾಳನ್ನು ಒಮ್ಮೆಗೇ ನೆನೆಸಿ ಅರ್ಧ ಬುಧವಾರಕ್ಕೆ, ಉಳಿದರ್ಧ ಮೊಳಕೆ ಬಂದ ಮೇಲೆ ಗುರುವಾರಕ್ಕೆ. ಶುಕ್ರವಾರ ಕಡಲೆಹಿಟ್ಟಿನ ಝುಣಕ. ಶನಿವಾರ ಏನು ಉಳಿದಿರುತ್ತದೋ ಅದು. ಅಕ್ಕಿ ರೇಷನ್ನಿನದು. ಉಳಿದದ್ದೆಲ್ಲ ಐನೂರು ರೂಪಾಯಿ ದಾಟಬಾರದು.

ಗದ್ದೆಪ್ಪ ಪ್ರತಿಯೊಂದಕ್ಕೂ ಅಳತೆ ಕೇಳುತ್ತಿದ್ದ. ಉಪ್ಪು ಎಷ್ಟು, ಖಾರ ಎಷ್ಟು, ನೀರು ಎಷ್ಟು. ಅಂದಾಜಿನ ಮೇಲೆ ಹಾಕುವುದು ಎಂದರೆ ಅವನಿಗೆ ತಿಳಿಯುತ್ತಿರಲಿಲ್ಲ. ಏಳು ವರ್ಷ ಕಣ್ಣಳತೆಯಲ್ಲೇ ಅಡುಗೆ ಮಾಡಿದ್ದ ದುರ್ಗಾ ಮೊದಲ ಸಲ ಚಹಾದ ಗ್ಲಾಸಿನಲ್ಲಿ ಬೇಳೆ ಅಳೆದು ತೋರಿಸಿದಳು. ಬದನೆಕಾಯಿ ತಳ ಹಿಡಿಯಿತು. ಪುಂಡಿಪಲ್ಯ ಹುಳಿಯಾಗಿ ರಾಧಾಳ ಕಣ್ಣಲ್ಲಿ ನೀರು ಬಂತು. ಅವೆಲ್ಲ ಹೇಗೋ ನಡೆದವು. ರೊಟ್ಟಿ ಮಾತ್ರ ಆಗಲಿಲ್ಲ. ಮೂಟೆ ಎತ್ತಿ ಒರಟಾದ ಆ ಅಂಗೈಗಳ ಕೆಳಗೆ ಹಿಟ್ಟು ಪ್ರತಿಸಲವೂ ಬಿರಿದು ಹೋಳಾಗುತ್ತಿತ್ತು. ರೊಟ್ಟಿಯನ್ನು ಅಂಗಡಿಯಿಂದ ಕೊಂಡರೆ ವಾರದ ದುಡ್ಡು ನಾಲ್ಕೇ ದಿನಕ್ಕೆ ಮುಗಿಯುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಬುಧವಾರ ಸಂಜೆ ಹಿಂದಿನ ಓಣಿಯಲ್ಲಿದ್ದ ಅವನ ಅಕ್ಕ ಜಂಬಮ್ಮ ಬಂದಳು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಕುಳಿತ ತಮ್ಮನನ್ನು ನೋಡಿ ಅವಳಿಗೆ ಸಹಿಸಲಾಗಲಿಲ್ಲ. ಗಂಡಸು ದಿನವಿಡೀ ಮೂಟೆ ಹೊತ್ತು ಬಂದು ಒಲೆ ಮುಂದೆ ಕೂಡುವುದೆಂದರೇನು ಎಂದು ಬೇಸರಪಟ್ಟುಕೊಂಡಳು. ಕೊನೆಗೆ ಮನಸ್ಸಿನಲ್ಲಿದ್ದುದನ್ನು ಆಡಿದಳು.

"ರಾಧಾಗ ಹನ್ನೆರಡು ತುಂಬ್ಯಾವಲ್ಲ. ಒಂದೆರಡು ವರ್ಷ ಸಾಲಿ ಬಿಟ್ಟರ ಏನಾಗತದ? ದುರ್ಗಾ ಬಿಟ್ಟಿರಲಿಲ್ಲೇನು?"

ಬಾಗಿಲ ಬಳಿ ಓದುತ್ತ ಕುಳಿತಿದ್ದ ರಾಧಾ ತಲೆ ಎತ್ತಲಿಲ್ಲ, ಹಾಳೆಯನ್ನೂ ತಿರುವಲಿಲ್ಲ. ಗದ್ದೆಪ್ಪ ಹಂಚಿನ ಮೇಲಿದ್ದ ರೊಟ್ಟಿಯ ಹೋಳನ್ನು ತೆಗೆದು ಕೆಳಗಿಟ್ಟ.

"ದುರ್ಗಾನ ಒಲಿ ಮುಂದ ಕುಂದ್ರಿಸಿದಾಗ ಆಕಿಗೆ ಹದಿಮೂರು," ಎಂದ. "ಅವರವ್ವನ ಮಣ್ಣು ಮಾಡಿ ಬಂದು, ಅವತ್ತೇ ರಾತ್ರಿ. ಮಾಡ್ತಿಯೇನವ್ವಾ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ ಅಕ್ಕಾ."

ಜಂಬಮ್ಮ ಕೈ ತೊಳೆದು ಬಂದಳು. ಆಮೇಲೆ ಸೆರಗು ಸಿಕ್ಕಿಸಿ ಅವನ ಪಕ್ಕ ಕುಳಿತು, ನೀರು ಇನ್ನೂ ಕುದಿಯಬೇಕು, ಆಗಲೇ ಹಿಟ್ಟಿಗೆ ಜಿಗಿ ಬರುತ್ತದೆ ಎಂದು ಹಿಟ್ಟಿನ ಪರಾತವನ್ನು ತನ್ನ ಕಡೆಗೆ ಎಳೆದುಕೊಂಡಳು. ದುರ್ಗಾ ಹಿತ್ತಲಿಗೆ ಹೋಗಿ ಮುಖ ತೊಳೆದಳು. ಶಾಲೆ ಬಿಟ್ಟ ಆ ಎರಡು ವರ್ಷ ಅಪ್ಪನ ಲೆಕ್ಕಕ್ಕೇ ಇರಲಿಲ್ಲವೆಂದು ಅವಳು ಇಷ್ಟು ದಿನ ತಿಳಿದಿದ್ದಳು. ಒಳಗಿನಿಂದ ಹಿಟ್ಟು ಬಡಿಯುವ ಸಪ್ಪಳ ಮೊದಲು ಒಂದು ಕೈಯದು, ಆಮೇಲೆ ಇನ್ನೊಂದು ಕೈಯದು ಕೇಳಿಸುತ್ತಿತ್ತು.

ಶುಕ್ರವಾರದ ಹೊತ್ತಿಗೆ ರೊಟ್ಟಿ ದುಂಡಗಲ್ಲದಿದ್ದರೂ ಇಡಿಯಾಗಿ ಹಂಚಿಗೆ ಬಿತ್ತು. ಝುಣಕದ ಮೊದಲ ತುತ್ತು ಬಾಯಿಗಿಟ್ಟ ರಾಧಾ, "ಅಕ್ಕ ಮಾಡಿದಂಗಿಲ್ಲ," ಎಂದಳು.

"ಹೌದವ್ವಾ. ಇದು ನಾ ಮಾಡಿದ್ದು," ಎಂದ ಗದ್ದೆಪ್ಪ. ರಾಧಾ ಇನ್ನೊಂದು ತುತ್ತು ತಿಂದು ನೋಡಿ ಇನ್ನಷ್ಟು ಹಾಕಿಸಿಕೊಂಡಳು.

ಶನಿವಾರ ಅವನು ದುರ್ಗಾಳನ್ನು ಒಲೆಯ ಹತ್ತಿರ ಬರಗೊಡಲಿಲ್ಲ. ಇವತ್ತು ಯಾರೂ ಹೇಳಿಕೊಡುವುದು ಬೇಡ, ನೀನು ಬಟ್ಟೆ ಕಟ್ಟಿಕೋ ಎಂದ. ಅವಳು ಚೀಲ ತುಂಬಿಕೊಂಡು, ಕಾಗದಪತ್ರಗಳನ್ನು ಎರಡೆರಡು ಸಲ ನೋಡಿಕೊಂಡು ಕುಳಿತಳು. ಎಂಟು ಗಂಟೆಗೆ ಉಣ್ಣಲು ಕರೆದ. ಮೂರು ತಟ್ಟೆಗಳಿದ್ದವು. ನಡುವೆ ನಾಲ್ಕು ರೊಟ್ಟಿ, ಪುಟ್ಟ ಪಾತ್ರೆಯಲ್ಲಿ ಬೇಳೆ, ಇನ್ನೊಂದರ ತಳದಲ್ಲಿ ಎರಡು ಮುಷ್ಟಿಯಷ್ಟು ಅನ್ನ.

ದುರ್ಗಾ ಪಟ್ಟಿಯಲ್ಲಿ ತಾನೇ ಎಲ್ಲೋ ತಪ್ಪಿದೆನೇನೋ ಎಂದುಕೊಂಡಳು. ಹಿಟ್ಟು ಮುಗಿಯಿತೇ ಎಂದು ಮೆಲ್ಲಗೆ ಕೇಳಿದಳು.

"ಹಿಟ್ಟದ," ಎಂದ ಗದ್ದೆಪ್ಪ. ಅವಳ ಮುಖ ನೋಡಲಿಲ್ಲ. "ಇಬ್ಬರಿಗೆ ಎಷ್ಟು ಹಿಡಿತದ ಅಂತ ನೋಡಬೇಕಾಗಿತ್ತು. ನಾಳಿ ಹೆಚ್ಚುಕಮ್ಮಿ ಆದರ ಕೇಳಾಕ ನೀ ಇರಂಗಿಲ್ಲ."

ತಾನು ಮಾರುಕಟ್ಟೆ ಅಂಗಳದಲ್ಲಿ ಚಹಾ ಕುಡಿದು ಬಂದಿದ್ದೇನೆ, ಹಸಿವಿಲ್ಲ, ನೀವಿಬ್ಬರೂ ಉಣ್ಣಿರಿ ಎಂದು ಅವನು ತಟ್ಟೆ ಸರಿಸಿದ. ದುರ್ಗಾ ಅದನ್ನು ಮತ್ತೆ ಅವನ ಮುಂದಿಟ್ಟು ಒಬ್ಬೊಬ್ಬರಿಗೆ ಒಂದು ರೊಟ್ಟಿ ಹಾಕಿದಳು. ನಾಲ್ಕನೆಯದನ್ನು ಮೂರು ಪಾಲಾಗಿ ಮುರಿದಳು.

ಇಬ್ಬರ ಅಡುಗೆಯನ್ನು ಮೂವರೂ ನಿಧಾನವಾಗಿ ಉಂಡರು. ತಟ್ಟೆ ಖಾಲಿಯಾದ ಮೇಲೂ ಕೈ ತೊಳೆಯಲು ಯಾರೂ ಏಳಲಿಲ್ಲ.