ಶುಭ ಶುಕ್ರವಾರದ ನೀರಡಿಕೆ

ಹೊಸ ಹರವಿಗೆ ನೀರು ತುಂಬಿದಾಗ ಏಳುವ ಮಣ್ಣಿನ ವಾಸನೆಗೆ ಈಗಲೂ ಯಾದಗಿರಿಯ ಆ ಶುಭ ಶುಕ್ರವಾರ ನೆನಪಾಗುತ್ತದೆ.

ತಗಡಿನ ಚರ್ಚಿನಲ್ಲಿ ಹನ್ನೆರಡರಿಂದ ಮೂರರವರೆಗೆ ಆರಾಧನೆ. ಆ ಮೂರು ತಾಸು ಅಜ್ಜಿ ಹನಿ ನೀರು ಮುಟ್ಟುತ್ತಿರಲಿಲ್ಲ. ನಾನು ನೀರು ಕೇಳಿದಾಗಲೆಲ್ಲ, "ತಾಳವ್ವ, ಯೇಸಪ್ಪ ತಾಳ್ಕೊಂಡಾನಲ್ಲ," ಎನ್ನುತ್ತಿದ್ದಳು. ಅಷ್ಟರಲ್ಲಿ ಪಾಸ್ಟರು, ಶಿಲುಬೆಯ ಮೇಲೆ ಯೇಸುವಿಗೆ ನೀರಡಿಕೆಯಾದ ಭಾಗ ಓದಿದರು.

"ಆಯೀ, ಯೇಸಪ್ಪನೂ ನೀರಡಿಕಿ ಆಗ್ಯಾದ ಅಂದಾನಲ್ಲ!" ಎಂದೆ ಅಜ್ಜಿಗೆ, ಜೋರಾಗಿಯೇ.

ಹಿಂದೆ ಯಾರೋ ನಕ್ಕರು. ಅಜ್ಜಿ ನಗಲಿಲ್ಲ. ಕೈ ಹಿಡಿದು ಹೊರಗಿಟ್ಟಿದ್ದ ಹೊಸ ಹರವಿಯ ಬಳಿ ಕರೆದೊಯ್ದು ಚರಗಿ ತುಂಬಿ ಕೊಟ್ಟಳು. ಗಟಗಟ ಕುಡಿದೆ. ಆಮೇಲೆ ಅವಳೇ ಬೊಗಸೆ ಒಡ್ಡಿದಳು.

"ನನಗೂ ಒಂದೀಟು ಹಾಕವ್ವ."

ಮೂರಾಗಲು ಇನ್ನೂ ಒಂದು ತಾಸಿತ್ತು. ಇಬ್ಬರೂ ಒಳಗೆ ಹೋಗಿ ಕುಳಿತೆವು.