ಗುಂಡಿ ಒತ್ತಿದರೆ ಬರುವವರು

ಡಯಾಲಿಸಿಸ್ ಮಾಡಿಸಿಕೊಂಡು ಬಂದ ದಿನ ಫಿಲೋಮಿನಮ್ಮ ಮನೆಯಲ್ಲಿ ತಲೆಸುತ್ತಿ ಬೀಳುತ್ತಿದ್ದರು. ಅಂಥವರಿಗೆಂದೇ ಇಂಜಿನಿಯರ್ ಸುಮುಖಿ ಕೊರಳಿಗೆ ಹಾಕಿಕೊಳ್ಳುವ ಗುಂಡಿಯೊಂದನ್ನು ತಯಾರಿಸಿದ್ದಳು. ಒತ್ತಿದರೆ ಸಾಕು, ಅದರಲ್ಲಿ ತುಂಬಿಸಿಟ್ಟ ನಂಬರಿಗೆ ಫೋನ್ ಹೋಗುತ್ತಿತ್ತು. ಕೊಟ್ಟು ವಾರವಾದ ಮೇಲೆ ನೋಡಲು ಬಂದಳು.

“ಯಾರ ನಂಬರ್ ಹಾಕಿಸಿದ್ರಿ ಅಮ್ಮ?”

“ನನ್ನ ತಂಗಿ ಮಗಂದು. ಪಕ್ಕದ ಮನೆಯವರ ಕೈಲಿ ಹಾಕಿಸ್ಕೊಂಡೆ. ಕರೆದರೆ ಓಡಿ ಬರ್ತಾನೆ.”

“ಹಾಗಾದ್ರೆ ಒಂದು ಸಲ ಒತ್ತಿ ನೋಡೋಣ.”

“ಬೇಡಮ್ಮ, ಪಾಪ, ಕೆಲಸದಲ್ಲಿರ್ತಾನೆ.”

“ನೀವು ಬಿದ್ದಾಗ ಫೋನ್ ಹೋಗದಿದ್ರೆ ಏನು ಗತಿ?”

“ನೀನು ಹೊರಟ ಮೇಲೆ ಒತ್ತಿ ನೋಡ್ತೀನಿ ಬಿಡು.”

ಸುಮುಖಿ ನಕ್ಕು, ತಾನೇ ಬಾಗಿ ಗುಂಡಿ ಒತ್ತಿದಳು. ಫಿಲೋಮಿನಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಸುಮುಖಿಯ ಚೀಲದೊಳಗಿದ್ದ ಫೋನ್ ರಿಂಗಾಯಿತು.